ಪಿಂಗಾಣಿಯ ಮೇಲೆ ಮಳೆಯ ಪ್ರಾಣಿ

ಮಕ್ಕಳೇ, ಜೂನ್ ತಿಂಗಳಲ್ಲಿ ಬಣಕಲ್ ಸುತ್ತಿನಲ್ಲಿ ಮಳೆ ಹಿಡಿಯಿತೆಂದರೆ ಹಳ್ಳಗಳೆಲ್ಲ ಕೆಂಪಾಗಿ ಉಕ್ಕುತ್ತವೆ. ಅದು ಹತ್ತುಮೀನಿನ ಕಾಲ. ಬೇಸಿಗೆಯೆಲ್ಲ ಹೊಳೆಯ ಗುಂಡಿಗಳಲ್ಲಿ ಅಡಗಿದ್ದ ಮೀನುಗಳು ಹೊಸ ನೀರಿನ ವಾಸನೆ ಹಿಡಿದು, ಸೆಳವಿಗೆ ಎದುರಾಗಿ ಈಜತೊಡಗುತ್ತವೆ. ಹೇಮಾವತಿಯಿಂದ ಹಳ್ಳಕ್ಕೆ, ಹಳ್ಳದಿಂದ ತೋಡಿಗೆ, ತೋಡಿನಿಂದ ಗದ್ದೆಯ ಬದುವಿನವರೆಗೆ ಹತ್ತಿ ಬರುತ್ತವೆ. ಅಡ್ಡ ಬಂದ ಸಣ್ಣ ಕಲ್ಲುಗಳನ್ನು ಹಾರಿ ದಾಟುತ್ತವೆ. ಮೊಟ್ಟೆ ಇಡಲು ಅವುಗಳಿಗೆ ಸೆಳವಿಲ್ಲದ ತೆಳು ನೀರು ಬೇಕು. ಮರಿಗಳಿಗೆ ಅಲ್ಲಿ ಆಹಾರ ಹೆಚ್ಚು, ಅಪಾಯ ಕಡಿಮೆ. ಹಾಗಾಗಿಯೇ ಅಷ್ಟೆಲ್ಲ ಕಷ್ಟಪಟ್ಟು ಮೇಲೆ ಬರುತ್ತವೆ.

ದೂರದ ಚೀನಾದಲ್ಲೂ ಜನ ಇದನ್ನೇ ಕಂಡರು. ಅಲ್ಲಿಯ ಹಳದಿ ನದಿಯಲ್ಲಿ ಕಾರ್ಪ್ ಎಂಬ ಗೆಂಡೆಜಾತಿಯ ಮೀನುಗಳು ನೆರೆ ಬಂದಾಗ ಮೇಲಕ್ಕೆ ಈಜುತ್ತವೆ. ಅದನ್ನು ನೋಡಿದವರು ಒಂದು ಕಥೆ ಕಟ್ಟಿದರು. ನದಿ ಬೆಟ್ಟಗಳ ನಡುವೆ ಧುಮ್ಮಿಕ್ಕುವ ಕಡೆ ಒಂದು ‘ಡ್ರ್ಯಾಗನ್ ಬಾಗಿಲು’ ಇದೆಯಂತೆ. ಸಾವಿರಾರು ಮೀನುಗಳು ಅಲ್ಲಿಗೆ ಬಂದು ಹಾರುತ್ತವಂತೆ. ದಾಟಿ ಗೆದ್ದ ಮೀನು ಡ್ರ್ಯಾಗನ್ ಆಗಿ ಮೋಡ ಸೇರುತ್ತದಂತೆ.

ಡ್ರ್ಯಾಗನ್ ಎಂದ ಕೂಡಲೇ ನಿಮಗೆ ಸಿನಿಮಾದಲ್ಲಿ ಬೆಂಕಿ ಉಗುಳುತ್ತ ಊರು ಸುಡುವ ರೆಕ್ಕೆಯ ಪ್ರಾಣಿ ನೆನಪಾಗಬಹುದು. ಅದು ಯೂರೋಪಿನ ಕಥೆಗಳದ್ದು. ಚೀನಾದ ಡ್ರ್ಯಾಗನ್ ಬೇರೆ. ಅದಕ್ಕೆ ಸಾಮಾನ್ಯವಾಗಿ ರೆಕ್ಕೆ ಇರುವುದಿಲ್ಲ. ಅದರ ಮನೆ ನದಿ, ಕೆರೆ, ಸಮುದ್ರ ಮತ್ತು ಮೋಡ. ಅದರ ಕೆಲಸ ಮಳೆ ತರುವುದು. ಚೀನಾದ ಚಕ್ರವರ್ತಿಗಳು ತಮ್ಮ ಬಟ್ಟಲು, ಹೂಜಿ, ತಟ್ಟೆಗಳ ಮೇಲೆ ನೂರಾರು ವರ್ಷ ಬರೆಸಿಕೊಂಡದ್ದು ಈ ಮಳೆಯ ಪ್ರಾಣಿಯನ್ನು. ಅದನ್ನು ಬರೆದ ಪಿಂಗಾಣಿಯ ಮಣ್ಣು ಕೂಡ ಮಳೆಯಿಂದಲೇ ಹುಟ್ಟಿದ್ದು. ಮಳೆಯನ್ನು ಚೆನ್ನಾಗಿ ಬಲ್ಲ ಬಣಕಲ್ಲಿನ ಮಕ್ಕಳಿಗೆ ಇದು ಬೇಗ ಅರ್ಥವಾಗುತ್ತದೆ. ಒಂದೊಂದಾಗಿ ನೋಡೋಣ.

ಎರಡು ಎತ್ತರದ ಹೂದಾನಿಗಳು

ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ಒಂದು ಜೋಡಿ ಹೂದಾನಿಗಳಿವೆ. ಎತ್ತರ ಸುಮಾರು 63 ಸೆಂಟಿಮೀಟರ್. ಬಿಳಿ ಪಿಂಗಾಣಿಯ ಮೇಲೆ ನೀಲಿ ಚಿತ್ರ. ಕತ್ತಿನ ಮೇಲೆ ಬರೆದ ಅಕ್ಷರಗಳಿಂದ ಇವು 1351ರವು ಎಂದು ತಿಳಿಯುತ್ತದೆ. ಜಾಂಗ್ ವೆನ್‌ಜಿನ್ ಎಂಬಾತ ತನ್ನ ಮನೆಮಂದಿಯ ಕ್ಷೇಮ ಕೋರಿ ಇವನ್ನು ಒಂದು ದೇಗುಲಕ್ಕೆ ಒಪ್ಪಿಸಿದ. ಇಷ್ಟು ಸ್ಪಷ್ಟವಾಗಿ ಇಸವಿ ಹೇಳುವ ಹಳೆಯ ನೀಲಿ-ಬಿಳಿ ಪಿಂಗಾಣಿ ಬಹಳ ಅಪರೂಪ. ಆದ್ದರಿಂದ ಬೇರೆ ಪಾತ್ರೆಗಳ ವಯಸ್ಸು ಅಳೆಯಲು ವಿದ್ವಾಂಸರಿಗೆ ಇವು ಆಧಾರವಾದವು. ಬೇರೆಬೇರೆ ಕೈ ಸೇರಿದ್ದ ಈ ಜೋಡಿಯನ್ನು ಮತ್ತೆ ಒಂದುಗೂಡಿಸಿದವರು ಸರ್ ಪರ್ಸಿವಲ್ ಡೇವಿಡ್. ಅವರು 1892ರಲ್ಲಿ ಹುಟ್ಟಿದ್ದು ನಮ್ಮ ಮುಂಬಯಿಯಲ್ಲಿ.

ಈ ಹೂದಾನಿಗಳನ್ನು ಮೇಲಿನಿಂದ ಕೆಳಕ್ಕೆ ನೋಡುತ್ತ ಬಂದರೆ ಸೇವಂತಿಗೆ ಬಳ್ಳಿ, ಬಾಳೆಲೆ, ಹಕ್ಕಿ, ತಾವರೆ ಎಲ್ಲ ಸಿಗುತ್ತವೆ. ಹಿಡಿಕೆಗಳು ಆನೆಯ ತಲೆಯಾಕಾರದಲ್ಲಿವೆ. ಹೊಟ್ಟೆಯ ಭಾಗದಲ್ಲಿ ಉದ್ದನೆಯ ಡ್ರ್ಯಾಗನ್ ಮೈ ತಿರುಚಿಕೊಂಡು ಸುತ್ತು ಬರುತ್ತದೆ. ಅದರ ಸುತ್ತ ಮೋಡ, ಕೆಳಗೆ ಅಲೆ. ಚಿತ್ರಕಾರ ಅದನ್ನು ಕಾಡಿನಲ್ಲಿಯೋ ಬಯಲಿನಲ್ಲಿಯೋ ನಿಲ್ಲಿಸಲಿಲ್ಲ. ನೀರು ಆವಿಯಾಗಿ ಮೇಲೇರಿ ಮಳೆಯಾಗಿ ಇಳಿಯುವ ದಾರಿಯಲ್ಲೇ ಇಟ್ಟ. ಬೇರೆ ಎಷ್ಟೋ ಪಾತ್ರೆಗಳಲ್ಲಿ ಡ್ರ್ಯಾಗನ್ ಉರಿಯುವ ಮುತ್ತೊಂದನ್ನು ಅಟ್ಟಿಕೊಂಡು ಹೋಗುತ್ತಿರುತ್ತದೆ. ಆ ಮುತ್ತನ್ನು ಕೆಲವರು ಚಂದ್ರ ಎನ್ನುತ್ತಾರೆ, ಕೆಲವರು ಗುಡುಗಿನ ಉಂಡೆ ಎನ್ನುತ್ತಾರೆ.

ಒಂಬತ್ತು ಪ್ರಾಣಿ ಸೇರಿ ಒಂದು

ಯಾರೂ ಕಾಣದ ಪ್ರಾಣಿಯನ್ನು ಬರೆಯುವುದು ಹೇಗೆ? ಚೀನಾದ ಹಳೆಯ ಚಿತ್ರಕಾರರು ಇದಕ್ಕೊಂದು ಪಟ್ಟಿ ಮಾಡಿಕೊಂಡಿದ್ದರು. ತಲೆ ಒಂಟೆಯದು, ಕೊಂಬು ಜಿಂಕೆಯದು, ಕಿವಿ ಹಸುವಿನದು, ಕತ್ತು ಹಾವಿನದು, ಹೊಟ್ಟೆ ಕಪ್ಪೆಚಿಪ್ಪಿನದು, ಹುರುಪೆ ಕಾರ್ಪ್ ಮೀನಿನದು, ಉಗುರು ಹದ್ದಿನದು, ಅಂಗಾಲು ಹುಲಿಯದು. ಒಂಬತ್ತನೆಯದಾದ ಕಣ್ಣು ಮಾತ್ರ ಭೂತದ್ದು. ಈ ಪಟ್ಟಿಯಲ್ಲಿ ಕಣ್ಣೊಂದನ್ನು ಬಿಟ್ಟರೆ ಉಳಿದದ್ದೆಲ್ಲ ಜನ ಕಂಡು, ಎಣಿಸಿ ತಿಳಿದ ಪ್ರಾಣಿಗಳವು.

ಎಣಿಸಿ ಎಂದು ಸುಮ್ಮನೆ ಹೇಳಲಿಲ್ಲ. ಕಾರ್ಪ್ ಮೀನಿನ ಪಕ್ಕೆಯ ಉದ್ದಕ್ಕೂ ಒಂದು ಸಾಲು ಹುರುಪೆಗಳಿರುತ್ತವೆ. ನೀರಿನ ಅಲುಗಾಟವನ್ನು ಮೀನು ಗ್ರಹಿಸುವುದು ಆ ಸಾಲಿನ ಸಣ್ಣ ರಂಧ್ರಗಳಿಂದ. ಆ ಸಾಲಿನಲ್ಲಿ 36 ಹುರುಪೆ ಎಂದು ಚೀನೀಯರು ಎಣಿಸಿದ್ದರು. ಇಂದಿನ ಜೀವವಿಜ್ಞಾನಿಗಳ ಲೆಕ್ಕವೂ ಅದರ ಆಸುಪಾಸಿನಲ್ಲೇ ಇದೆ. 36 ಎಂದರೆ 6 x 6. ಮೀನು ಡ್ರ್ಯಾಗನ್ ಆದಾಗ ಹುರುಪೆ 81 ಆಗುತ್ತದೆ, ಅಂದರೆ 9 x 9. ಒಂಟಿ ಅಂಕಿಗಳಲ್ಲಿ ಎಲ್ಲಕ್ಕಿಂತ ದೊಡ್ಡದಾದ 9 ಅವರಿಗೆ ಆಕಾಶದ ಸಂಖ್ಯೆ, ಚಕ್ರವರ್ತಿಯ ಸಂಖ್ಯೆ. ಮೀನಿನ ಮೈಯ ಲೆಕ್ಕದಿಂದ ಕಲ್ಪನೆಯ ಲೆಕ್ಕ ಹೀಗೆ ಬೆಳೆಯಿತು.

ನಮ್ಮವರೂ ಹೀಗೆಯೇ ಮಾಡಿದ್ದಾರೆ. ಮೂಡಿಗೆರೆ ತಾಲ್ಲೂಕಿನ ಅಂಗಡಿ ಗ್ರಾಮ ನಿಮಗೆ ಗೊತ್ತು. ಹಿಂದೆ ಸೊಸೆವೂರು ಎನ್ನುತ್ತಿದ್ದ ಆ ಊರಿನಿಂದಲೇ ಹೊಯ್ಸಳರು ಬೆಳೆದು ಬಂದರು. ಅವರ ದೊರೆ ವಿಷ್ಣುವರ್ಧನ 1117ರಲ್ಲಿ ಬೇಲೂರಿನ ಚೆನ್ನಕೇಶವನನ್ನು ಪ್ರತಿಷ್ಠೆ ಮಾಡಿದ. ಮುಂದೊಮ್ಮೆ ಬೇಲೂರು, ಹಳೇಬೀಡಿಗೆ ಹೋದಾಗ ಹಳೇಬೀಡಿನ ಹೊರಗೋಡೆಯ ಕೆಳಸಾಲುಗಳನ್ನು ಬಗ್ಗಿ ನೋಡಿ. ಆನೆ, ಸಿಂಹ, ಬಳ್ಳಿ, ಕುದುರೆಗಳ ಸಾಲುಗಳಾದ ಮೇಲೆ ಪುರಾಣ ಕಥೆಗಳು, ಅದರ ಮೇಲೆ ಮಕರ, ಅದರ ಮೇಲೆ ಹಂಸ. ಮಕರಕ್ಕೆ ಆನೆಯ ಸೊಂಡಿಲು, ಮೊಸಳೆಯ ಬಾಯಿ, ಸಿಂಹದ ಕಾಲು, ಹಂದಿಯ ಮೈ, ನವಿಲಿನ ಬಾಲ. ಮಕರ ಯಾರ ವಾಹನ? ನೀರಿನ ದೇವರಾದ ವರುಣನದು, ಗಂಗೆಯದು. ಸಾವಿರಾರು ಮೈಲಿ ಅಂತರದ ಎರಡು ನಾಡುಗಳಲ್ಲಿ ಜನ ನೀರಿನ ಶಕ್ತಿಗೆ ರೂಪ ಕೊಡಲು ಹೊರಟಾಗ, ತಾವು ಕಂಡ ಪ್ರಾಣಿಗಳ ಅಂಗಾಂಗಗಳನ್ನೇ ಆರಿಸಿ ಜೋಡಿಸಿದರು. ಹೊಯ್ಸಳರ ಶಿಲ್ಪಿಗಳು ಅದನ್ನು ಬಳಪದ ಕಲ್ಲಿನಲ್ಲಿ ಕೊರೆದರು, ಚೀನಾದವರು ಪಿಂಗಾಣಿಯ ಮೇಲೆ ಬರೆದರು.

ಮಳೆಗೂ ಕೊಂಬಿಗೂ ನಂಟು ಹಾಕಿದ ಕಥೆ ನಮ್ಮ ಜಿಲ್ಲೆಯಲ್ಲೂ ಉಂಟು. ಶೃಂಗೇರಿ ಬಳಿಯ ಕಿಗ್ಗದಲ್ಲಿ ಮಳೆ ಬಾರದಿದ್ದರೂ ಪೂಜೆ, ಮಳೆ ನಿಲ್ಲದಿದ್ದರೂ ಪೂಜೆ. ಅಲ್ಲಿಯ ಋಷ್ಯಶೃಂಗ ಮುನಿಗೆ ತಲೆಯ ಮೇಲೆ ಜಿಂಕೆಯ ಕೊಂಬು. ಆತ ಕಾಲಿಟ್ಟ ಕಡೆ ಬರ ಹೋಗಿ ಮಳೆ ಬಂತು ಎನ್ನುತ್ತದೆ ಪುರಾಣ.

ಆಕಾಶದಲ್ಲಿ ಮಲಗಿದ ಡ್ರ್ಯಾಗನ್

ಸುಮಾರು 1900 ವರ್ಷಗಳ ಹಿಂದೆ ಷು ಷೆನ್ ಎಂಬ ಚೀನೀ ವಿದ್ವಾಂಸ ಒಂದು ನಿಘಂಟು ಬರೆದ. ಡ್ರ್ಯಾಗನ್ ವಸಂತದಲ್ಲಿ ಹಗಲು ರಾತ್ರಿ ಸಮವಾಗುವ ಹೊತ್ತಿಗೆ ಆಕಾಶಕ್ಕೆ ಏರುತ್ತದೆ, ಶರತ್ಕಾಲದಲ್ಲಿ ಮತ್ತೆ ಹಗಲು ರಾತ್ರಿ ಸಮವಾದಾಗ ಆಳದ ನೀರಿಗೆ ಇಳಿಯುತ್ತದೆ ಎಂದು ಅದರಲ್ಲಿ ಹೇಳಿದ. ಇದು ಬರಿಯ ಕಥೆಯೇ? ಇದರ ಹಿಂದೆ ನಕ್ಷತ್ರಗಳಿವೆ.

ಚೀನೀಯರು ಆಕಾಶದ ಒಂದು ಭಾಗವನ್ನು ‘ನೀಲಹಸಿರು ಡ್ರ್ಯಾಗನ್’ ಎಂದು ಕರೆದರು. ಅದರ ಕೊಂಬಿನ ಜಾಗದಲ್ಲಿರುವ ನಕ್ಷತ್ರ ನಮ್ಮ ಚಿತ್ತಾ. ಅದರ ಹೃದಯ ಎಂದರೆ ಕೆಂಪಗೆ ಹೊಳೆಯುವ ನಮ್ಮ ಜ್ಯೇಷ್ಠಾ. ಅದರ ಬಾಲ ನಮ್ಮ ಮೂಲಾ. ನಡುವೆ ವಿಶಾಖಾ, ಅನುರಾಧಾ ಬರುತ್ತವೆ. ಷು ಷೆನ್ ಕಾಲದಲ್ಲಿ ವಸಂತದ ಆ ಸಮದಿನದಂದು, ಸೂರ್ಯ ಮುಳುಗುವ ಹೊತ್ತಿಗೆ ಪೂರ್ವದಲ್ಲಿ ಚಿತ್ತಾ ಮೂಡುತ್ತಿತ್ತು. ಅಂದರೆ ಡ್ರ್ಯಾಗನ್ನಿನ ಕೊಂಬು ಮೊದಲು ನೆಲದಿಂದ ಮೇಲೇಳುತ್ತಿತ್ತು. ಅಲ್ಲಿಯ ರೈತರಿಗೆ ಅದು ಬಿತ್ತನೆಯ ಸೂಚನೆ. ಶರತ್ಕಾಲ ಬಂದಾಗ ಅವೇ ನಕ್ಷತ್ರಗಳು ಸೂರ್ಯನ ಬೆನ್ನಿಗೇ ಪಶ್ಚಿಮದಲ್ಲಿ ಮುಳುಗುತ್ತಿದ್ದವು. ಮಳೆಗಾಲ ಮುಗಿಯಿತು, ಡ್ರ್ಯಾಗನ್ ನೀರಿಗಿಳಿಯಿತು.

ಮಳೆಗೂ ನಕ್ಷತ್ರಕ್ಕೂ ಗಂಟು ಹಾಕುವುದು ನಿಮ್ಮ ಮನೆಯ ಅಜ್ಜ ಅಜ್ಜಿಗೂ ಗೊತ್ತು. ಮೃಗಶಿರಾ ಮಳೆ, ಆರಿದ್ರಾ ಮಳೆ, ಪುಷ್ಯ ಮಳೆ ಎಂದು ಅವರು ಲೆಕ್ಕ ಹಾಕುವುದು ಸೂರ್ಯ ಯಾವ ನಕ್ಷತ್ರದ ಬಳಿ ಇದ್ದಾನೆ ಎಂಬುದರ ಮೇಲೆ. ಚೀನೀಯರು ಸಂಜೆ ಕಣ್ಣಿಗೆ ಕಾಣುವ ನಕ್ಷತ್ರ ನೋಡಿದರು, ನಮ್ಮವರು ಸೂರ್ಯನ ಹಿಂದೆ ಅಡಗಿದ ನಕ್ಷತ್ರ ಲೆಕ್ಕ ಹಾಕಿದರು. ಇಬ್ಬರಿಗೂ ಬೇಕಾದದ್ದು ಮಳೆಯ ಪಂಚಾಂಗ.

ಈ ಡ್ರ್ಯಾಗನ್ನನ್ನು ನೀವೂ ನೋಡಬಹುದು. ಮೇ ತಿಂಗಳ ಕೊನೆಯಲ್ಲಿ, ಮೋಡವಿಲ್ಲದ ರಾತ್ರಿ ಹತ್ತು ಗಂಟೆಗೆ ಕಾಫಿ ಕಣದಲ್ಲಿ ದಕ್ಷಿಣಕ್ಕೆ ಮುಖ ಮಾಡಿ ನಿಲ್ಲಿ. ಎತ್ತರದಲ್ಲಿ ಬೆಳ್ಳಗೆ ಹೊಳೆಯುವುದು ಚಿತ್ತಾ, ಅದೇ ಕೊಂಬು. ಅಲ್ಲಿಂದ ಎಡಕ್ಕೆ, ಆಗ್ನೇಯ ದಿಕ್ಕಿಗೆ ಕಣ್ಣು ಇಳಿಸಿದರೆ ಕೆಂಪು ಜ್ಯೇಷ್ಠಾ, ಅದೇ ಹೃದಯ. ಇನ್ನೂ ಕೆಳಗೆ ಬೆಟ್ಟದ ಅಂಚಿನ ಬಳಿ ಕೊಂಕಿದ ಬಾಲ. ಕೆಲವೇ ದಿನಗಳಲ್ಲಿ ಚಾರ್ಮಾಡಿ ಕಡೆಯಿಂದ ಮುಂಗಾರಿನ ಮೋಡ ಏರಿ ಬಂದು ಎಲ್ಲವನ್ನೂ ಮುಚ್ಚುತ್ತದೆ. ಆದ್ದರಿಂದ ಮೇ ತಿಂಗಳಲ್ಲೇ ನೋಡಿಬಿಡಿ.

ಮಳೆ ಮಾಡಿದ ಮಣ್ಣು

ಈಗ ಪಾತ್ರೆಗೆ ಬರೋಣ. ಬಣಕಲ್ಲಿನ ಮಣ್ಣು ಕೆಂಪು. ಮನೆಯ ಹೆಂಚು ಕೆಂಪು. ಪಿಂಗಾಣಿ ಬಟ್ಟಲು ಮಾತ್ರ ಬಿಳಿ. ಮೂರೂ ಮಣ್ಣೇ ಆದರೆ ಈ ವ್ಯತ್ಯಾಸ ಏಕೆ?

ಮಣ್ಣು ಮೊದಲು ಬಂಡೆಯಾಗಿತ್ತು. ಬಂಡೆಯಲ್ಲಿ ಹಲವು ಖನಿಜಗಳಿರುತ್ತವೆ. ಅವುಗಳಲ್ಲಿ ಫೆಲ್ಡ್‌ಸ್ಪಾರ್ ಎಂಬ ಬಿಳಿ ಅಥವಾ ಗುಲಾಬಿ ಬಣ್ಣದ ಖನಿಜ ಬಹಳ ಹೆಚ್ಚು. ಮಳೆನೀರು ಬೀಳುವಾಗ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಕರಗಿಸಿಕೊಳ್ಳುತ್ತದೆ. ನೆಲಕ್ಕಿಳಿದ ಮೇಲೆ ಬೇರುಗಳು ಉಸಿರಾಡಿ ಬಿಟ್ಟ ಅದೇ ಅನಿಲ ಇನ್ನಷ್ಟು ಸೇರುತ್ತದೆ. ಆಗ ನೀರು ತುಸು ಆಮ್ಲವಾಗುತ್ತದೆ. ಈ ನೀರು ಸಾವಿರಾರು, ಲಕ್ಷಾಂತರ ವರ್ಷ ಬಂಡೆಯೊಳಗೆ ಇಳಿಯುತ್ತ ಫೆಲ್ಡ್‌ಸ್ಪಾರಿನ ಪೊಟ್ಯಾಸಿಯಂ, ಸೋಡಿಯಂಗಳನ್ನು ತೊಳೆದು ಒಯ್ಯುತ್ತದೆ. ಉಳಿದ ಅಲ್ಯೂಮಿನಿಯಂ ಮತ್ತು ಸಿಲಿಕಾ ನೀರಿನೊಡನೆ ಸೇರಿ ಹೊಸ ಖನಿಜವಾಗುತ್ತವೆ. ಅದೇ ಕೆಯೋಲಿನೈಟ್, ಬಿಳಿ ಜೇಡಿಮಣ್ಣಿನ ಜೀವ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅದು ಆರು ಮೂಲೆಯ ಅತಿ ತೆಳುವಾದ ಬಿಲ್ಲೆಗಳ ರಾಶಿ. ನೀರು ಸೇರಿದಾಗ ಬಿಲ್ಲೆಗಳು ಒಂದರ ಮೇಲೊಂದು ಜಾರುತ್ತವೆ. ಜೇಡಿಮಣ್ಣು ಬೆರಳಿಗೆ ನುಣುಪಾಗಿ, ಹೇಳಿದ ಆಕಾರಕ್ಕೆ ಬರುವುದು ಇದರಿಂದಲೇ.

ನಮ್ಮ ಬೆಟ್ಟಗಳ ಬಂಡೆಗಳಲ್ಲಿ ಕಬ್ಬಿಣವುಳ್ಳ ಕಪ್ಪು ಖನಿಜಗಳೂ ಧಾರಾಳವಾಗಿವೆ. ಕಳಸದಾಚೆಯ ಕುದುರೆಮುಖದಲ್ಲಿ 2005ರವರೆಗೆ ಕಬ್ಬಿಣದ ಅದಿರು ಅಗೆಯುತ್ತಿದ್ದುದು ನಿಮಗೆ ದೊಡ್ಡವರು ಹೇಳಿರಬಹುದು. ಮಳೆಯೂ ಗಾಳಿಯೂ ತಾಗಿ ಆ ಕಬ್ಬಿಣ ತುಕ್ಕಾಗುತ್ತದೆ. ಮಣ್ಣಿನ ಕೆಂಪು ಎಂದರೆ ಈ ತುಕ್ಕಿನ ಕೆಂಪು. ಘಟ್ಟ ಇಳಿದು ದಕ್ಷಿಣ ಕನ್ನಡಕ್ಕೆ ಹೋದರೆ, ಗುಡ್ಡ ಕಡಿದ ಜಾಗಗಳಲ್ಲಿ ಮೇಲೆ ಗಟ್ಟಿಯಾದ ಕೆಂಪು ಮುರಕಲ್ಲು, ಕೆಳಗೆ ಮೆತ್ತನೆಯ ಬಿಳಿ ಅಥವಾ ನಸುಗೆಂಪು ಶೇಡಿ ಮಣ್ಣು ಕಾಣುತ್ತದೆ. ಶೇಡಿಯಲ್ಲಿ ಕೆಯೋಲಿನೈಟ್ ಹೆಚ್ಚು. ನಿಮ್ಮ ಮನೆಯ ಹೆಂಚು ಬಂದದ್ದು ಅದೇ ಕರಾವಳಿಯ ಮಣ್ಣಿನಿಂದ. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದರು. ನದಿ ಬಯಲಿನ ಆ ಮಣ್ಣಿನಲ್ಲಿ ಕಬ್ಬಿಣವಿದ್ದುದರಿಂದ ಹೆಂಚು ಸುಟ್ಟಾಗ ಕೆಂಪಾಯಿತು.

ಚೀನಾದ ಜಿಂಗ್‌ಡೆಜೆನ್ ಪಟ್ಟಣದ ಬಳಿ ಕಬ್ಬಿಣ ಬಹಳ ಕಡಿಮೆಯಿರುವ ಬಿಳಿ ಮಣ್ಣು ಸಿಕ್ಕಿತು. ಅದು ಸಿಕ್ಕ ಗಾವೊಲಿಂಗ್ ಬೆಟ್ಟದ ಹೆಸರೇ ಮಣ್ಣಿಗೂ ಬಂತು. ಮಳೆ ಗ್ರಾನೈಟನ್ನು ಕೊಳೆಸಿ ಮಾಡಿಕೊಟ್ಟ ಆ ಮಣ್ಣಿನ ಮೇಲೆ ಮಳೆಯ ಪ್ರಾಣಿ ಬಂದು ಕುಳಿತಿತು.

ಬೆಂಕಿಯ ಕೆಲಸ

ಕುಂಬಾರರ ಮಡಕೆ ಸಾಮಾನ್ಯವಾಗಿ 1000 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ಶಾಖದಲ್ಲಿ ಬೇಯುತ್ತದೆ. ಅದರ ಗೋಡೆಯಲ್ಲಿ ಕಣ್ಣಿಗೆ ಕಾಣದ ಸಣ್ಣ ತೂತುಗಳು ಉಳಿಯುತ್ತವೆ. ನೀರು ಅಲ್ಲಿಂದ ಜಿನುಗಿ ಆವಿಯಾಗುವಾಗ ಒಳಗಿನ ನೀರು ತಣ್ಣಗಾಗುತ್ತದೆ. ಪಿಂಗಾಣಿಗೆ ಸುಮಾರು 1300 ಡಿಗ್ರಿ ಬೇಕು. ಜಿಂಗ್‌ಡೆಜೆನ್ನಿನವರು ಬಿಳಿ ಮಣ್ಣಿಗೆ ‘ಪಿಂಗಾಣಿ ಕಲ್ಲಿ’ನ ಪುಡಿ ಬೆರೆಸಿ, ಪೈನ್ ಮರದ ಸೌದೆ ಉರಿಸಿ ಆ ಶಾಖ ಮುಟ್ಟುತ್ತಿದ್ದರು. ಆ ಶಾಖದಲ್ಲಿ ಕಲ್ಲಿನ ಪುಡಿ ಕರಗಿ ಗಾಜಾಗುತ್ತದೆ. ಬಿಳಿ ಮಣ್ಣು ಮಲ್ಲೈಟ್ ಎಂಬ ಸೂಜಿಯಂಥ ಹರಳುಗಳಾಗುತ್ತದೆ. ಕಲ್ಲುಕಟ್ಟಡದ ಸಂದುಗಳನ್ನು ಗಾರೆ ತುಂಬುವ ಹಾಗೆ ಗಾಜು ಹರಳುಗಳ ನಡುವೆ ತುಂಬಿಕೊಳ್ಳುತ್ತದೆ. ಹಾಗಾಗಿ ಪಿಂಗಾಣಿ ನೀರು ಹೀರುವುದಿಲ್ಲ. ತೆಳುವಾದ ಬಟ್ಟಲನ್ನು ದೀಪಕ್ಕೆ ಹಿಡಿದರೆ ಆಚೆಯ ಬೆಳಕು ಮಬ್ಬಾಗಿ ಕಾಣುತ್ತದೆ.

1712ರಲ್ಲಿ ಜಿಂಗ್‌ಡೆಜೆನ್ನಿನಲ್ಲಿದ್ದ ಡಾಂತ್ರಕೋಲ್ ಎಂಬ ಫ್ರೆಂಚ್ ಪಾದ್ರಿ ಊರಿಗೆ ಉದ್ದನೆಯ ಪತ್ರ ಬರೆದರು. ಒಂದೊಂದು ಪಾತ್ರೆ ಎಪ್ಪತ್ತು ಕೆಲಸಗಾರರ ಕೈ ದಾಟಿ ಹೋಗುತ್ತದೆ ಎಂದು ಅದರಲ್ಲಿ ತಿಳಿಸಿದರು. ಮಣ್ಣು ತೊಳೆಯುವವರು, ತಿಗರಿ ತಿರುಗಿಸುವವರು, ಗೆರೆ ಎಳೆಯುವವರು, ಬಣ್ಣ ತುಂಬುವವರು, ಗೂಡಿನ ಉರಿ ನೋಡುವವರು ಎಲ್ಲರೂ ಬೇರೆಬೇರೆ. ಚಕ್ರವರ್ತಿಯ ಹೆಸರು ಪಾತ್ರೆಯ ತಳದಲ್ಲಿ ಉಳಿಯಿತು. ಆ ಎಪ್ಪತ್ತು ಜನರ ಹೆಸರು ಉಳಿಯಲಿಲ್ಲ. ಪಿಂಗಾಣಿ ನೋಡುವಾಗ ಅವರನ್ನೂ ನೆನೆಯಬೇಕು.

ಕುಂಚದಲ್ಲಿ ಕಪ್ಪು, ಬೆಂಕಿಯಲ್ಲಿ ನೀಲಿ

ಡ್ರ್ಯಾಗನ್ನಿನ ನೀಲಿ ಬಣ್ಣ ಬರುವುದು ಕೋಬಾಲ್ಟ್ ಎಂಬ ಲೋಹದಿಂದ. ಮೊದಮೊದಲು ಒಳ್ಳೆಯ ಕೋಬಾಲ್ಟ್ ಪರ್ಷಿಯಾದಿಂದ ಬರುತ್ತಿತ್ತು. ಚಿತ್ರಕಾರ ಹಸಿ ಪಾತ್ರೆಯ ಮೇಲೆ ಬರೆಯುವಾಗ ಅದು ಮಂಕು ಬೂದು-ಕಪ್ಪಾಗಿ ಕಾಣುತ್ತದೆ. ಅದರ ಮೇಲೆ ಗಾಜಿನ ಹೊದಿಕೆಯಾಗುವ ದ್ರವ ಬಳಿದು ಗೂಡಿಗಿಡುತ್ತಾರೆ. ಬೆಂಕಿಯಲ್ಲಿ ಕೋಬಾಲ್ಟ್ ಆ ಗಾಜಿನೊಳಗೆ ಕರಗಿದಾಗ ಮಾತ್ರ ನೀಲಿ ಹುಟ್ಟುತ್ತದೆ. ಹಸಿ ಮಣ್ಣು ಬಣ್ಣವನ್ನು ಕೂಡಲೇ ಹೀರುವುದರಿಂದ ತಪ್ಪಿದ ಗೆರೆಯನ್ನು ಅಳಿಸಲು ಆಗದು. 1300 ಡಿಗ್ರಿಯಲ್ಲೂ ಹಾಳಾಗದ ಬಣ್ಣಗಳು ಬಹಳ ಕಡಿಮೆ. ಕೋಬಾಲ್ಟ್ ಅಂಥ ಗಟ್ಟಿ ಬಣ್ಣವಾದ್ದರಿಂದಲೇ ನೀಲಿ ಡ್ರ್ಯಾಗನ್ನುಗಳು ಇಷ್ಟೊಂದು.

ಕೆಂಪು ಡ್ರ್ಯಾಗನ್ನಿಗೆ ತಾಮ್ರ ಬೇಕು. ಅದು ಹಠಮಾರಿ ಬಣ್ಣ. ಗೂಡಿನಲ್ಲಿ ಆಮ್ಲಜನಕ ತುಸು ಹೆಚ್ಚಾದರೂ ಕೆಂಪು ಬಾರದು, ಶಾಖ ತುಸು ಏರುಪೇರಾದರೂ ಬಣ್ಣ ಆರಿಹೋಗುತ್ತದೆ. ಅದೇ ತಾಮ್ರ ಕಡಿಮೆ ಶಾಖದ ಬೇರೆ ಹೊದಿಕೆಯಲ್ಲಿ ಹಸಿರು ಕೊಡುತ್ತದೆ. ಮ್ಯಾಂಗನೀಸ್ ನೇರಳೆ ಕೊಡುತ್ತದೆ.

ಕಬ್ಬಿಣದ ಕಥೆ ಇನ್ನೂ ಸೊಗಸು. ಆಮ್ಲಜನಕ ಚೆನ್ನಾಗಿ ಸಿಕ್ಕರೆ ಕಬ್ಬಿಣ ಹಳದಿ, ಕಂದು, ಕೆಂಪು. ಗೂಡಿನ ಬಾಯಿ ಮುಚ್ಚಿ, ಹೊಗೆ ತುಂಬಿಸಿ, ಆಮ್ಲಜನಕ ಕಡಿಮೆ ಮಾಡಿದರೆ ಅದೇ ಕಬ್ಬಿಣ ತಿಳಿಹಸಿರು. ಸೆಲಡಾನ್ ಎಂಬ ಹಸಿರು ಪಾತ್ರೆಗಳು ಹುಟ್ಟಿದ್ದು ಹೀಗೆ. ಇದನ್ನು ಕಣ್ಣಾರೆ ನೋಡಲು ನೀವು ಗೂಡಿನ ಬಳಿ ಹೋಗಬೇಕಿಲ್ಲ. ನಟ್ಟಿಯಾದ ಗದ್ದೆಯಲ್ಲಿ ನೀರು ನಿಂತು ಕೆಲವು ವಾರಗಳಾದ ಮೇಲೆ ಅಡಿಯ ಕೆಸರು ಒಂದು ಹಿಡಿ ತೆಗೆಯಿರಿ. ದಡದ ಮಣ್ಣು ಕೆಂಪಗಿದ್ದರೂ ಕೆಸರು ಬೂದಾಗಿರುತ್ತದೆ, ಕೆಲವೆಡೆ ನಸು ನೀಲಿ-ಹಸಿರಾಗಿರುತ್ತದೆ. ನಿಂತ ನೀರಿನ ಅಡಿಗೆ ಆಮ್ಲಜನಕ ತಲುಪದೆ ಕಬ್ಬಿಣ ಬಣ್ಣ ಬದಲಿಸಿದೆ. ಭತ್ತದ ಬೇರಿನ ಸುತ್ತ ಮಾತ್ರ ತುಕ್ಕಿನ ಬಣ್ಣದ ಎಳೆಗಳು ಕಾಣುತ್ತವೆ, ಏಕೆಂದರೆ ಭತ್ತ ತನ್ನ ಬೇರಿಗೆ ಮೇಲಿನಿಂದ ಗಾಳಿ ಕಳಿಸುತ್ತದೆ. ಗದ್ದೆಯಲ್ಲಿ ತಣ್ಣಗೆ ನಡೆಯುವುದೂ ಗೂಡಿನಲ್ಲಿ ಬಿಸಿಯಲ್ಲಿ ನಡೆಯುವುದೂ ಕಬ್ಬಿಣದ ಒಂದೇ ಗುಣ.

ಐದು ಉಗುರಿನ ಅಧಿಕಾರ

ಡ್ರ್ಯಾಗನ್ ಮಳೆ ತಂದರೆ ಬೆಳೆ. ಮಳೆ ತಪ್ಪಿದರೆ ಹಸಿವು. ಚೀನಾದಲ್ಲಿ ಚಕ್ರವರ್ತಿಯನ್ನು ಆಕಾಶದ ಮಗ ಎನ್ನುತ್ತಿದ್ದರು. ಬರ ಬಂದರೆ ಮಳೆಗಾಗಿ ಬೇಡುವ ಹೊಣೆಯೂ ಅವನದೇ ಆಗಿತ್ತು. ಹಾಗಾಗಿ ಮಳೆಯ ಪ್ರಾಣಿ ಚಕ್ರವರ್ತಿಯ ಗುರುತಾಯಿತು. ನಾಡಿನ ಅನ್ನಕ್ಕೆ ನಾನು ಹೊಣೆ ಎಂದು ಆ ಚಿತ್ರ ಹೇಳುತ್ತಿತ್ತು. ನನ್ನ ಮಾತಿಗೆ ಎದುರಿಲ್ಲ ಎಂದೂ ಹೇಳುತ್ತಿತ್ತು.

ಡ್ರ್ಯಾಗನ್ನಿನ ಉಗುರು ಹದ್ದಿನದು ಎಂದು ಆಗಲೇ ನೋಡಿದೆವು. ಹದ್ದಿನ ಕಾಲಿನಲ್ಲಿ ನಾಲ್ಕು ಬೆರಳು, ಮೂರು ಮುಂದೆ, ಒಂದು ಹಿಂದೆ. ಪರ್ಸಿವಲ್ ಡೇವಿಡ್ ಒಂದುಗೂಡಿಸಿದ ಆ ಹೂದಾನಿಗಳ ಡ್ರ್ಯಾಗನ್ನಿಗೂ ನಾಲ್ಕೇ ಉಗುರು. ಹದಿನಾಲ್ಕನೆಯ ಶತಮಾನದಲ್ಲೇ ಎರಡು ಕೊಂಬು, ಐದು ಉಗುರಿನ ಡ್ರ್ಯಾಗನ್ ಅರಮನೆಗೆ ಮಾತ್ರ ಎಂಬ ಕಟ್ಟಳೆ ಬಂದಿತ್ತು. ಮುಂದೆ ಮಿಂಗ್, ಚಿಂಗ್ ಅರಸರ ಕಾಲದಲ್ಲಿ ಐದು ಉಗುರು ಚಕ್ರವರ್ತಿಗೆ ಮತ್ತು ಅವನ ಮನೆಯವರಿಗೆ, ನಾಲ್ಕು ಕೆಳಗಿನ ದರ್ಜೆಯವರಿಗೆ ಎಂದಾಯಿತು. ಚಿಂಗ್ ಅರಮನೆಯಲ್ಲಿ ಬಟ್ಟಲಿನ ಬಣ್ಣಕ್ಕೂ ನಿಯಮ. ಒಳಗೂ ಹೊರಗೂ ಪೂರ್ತಿ ಹಳದಿಯಾದರೆ ಚಕ್ರವರ್ತಿ ಮತ್ತು ಪಟ್ಟದರಾಣಿಯದು. ಹಳದಿ ನೆಲದ ಮೇಲೆ ಹಸಿರು ಡ್ರ್ಯಾಗನ್ ಇದ್ದರೆ ಅವಳಿಗಿಂತ ಕೆಳಗಿನ ರಾಣಿಯರದು. ನೀಲಿ ನೆಲದ ಮೇಲೆ ಹಳದಿ, ಹಸಿರು ನೆಲದ ಮೇಲೆ ನೇರಳೆ ಡ್ರ್ಯಾಗನ್ನುಗಳು ಇನ್ನೂ ಕೆಳಗಿನವರಿಗೆ. ಊಟದ ಬಟ್ಟಲು ನೋಡಿದರೆ ಯಾರ ಸ್ಥಾನ ಏನೆಂದು ತಿಳಿಯುತ್ತಿತ್ತು.

ಮಿಂಗ್ ಕಾಲದ ಆರಂಭದಲ್ಲಿ ಅರಮನೆಯ ಕಾರ್ಖಾನೆಯಲ್ಲಿ ಸಣ್ಣ ಕುಂದಿದ್ದ ಪಾತ್ರೆಯನ್ನೂ ಹೊರಗೆ ಮಾರುವಂತಿರಲಿಲ್ಲ. ಅಂಥವನ್ನು ಒಡೆದು ಅಲ್ಲಿಯೇ ಹೂಳುತ್ತಿದ್ದರು. ಬೇರೆಯವರ ಮನೆಯಲ್ಲಿ ಐದು ಉಗುರಿನ ಡ್ರ್ಯಾಗನ್ ಇರಬಾರದಲ್ಲ! ಆರು ನೂರು ವರ್ಷಗಳ ಮೇಲೆ ಪುರಾತತ್ತ್ವಜ್ಞರು ಜಿಂಗ್‌ಡೆಜೆನ್ನಿನ ಆ ಜಾಗ ಅಗೆದು, ಚೂರುಗಳನ್ನು ಹೆಕ್ಕಿ, ತಾಳ್ಮೆಯಿಂದ ಜೋಡಿಸಿದರು. ಯಾರೂ ನೋಡಬಾರದೆಂದು ಒಡೆದ ಪಾತ್ರೆಗಳನ್ನು ಇಂದು ಮಕ್ಕಳು ಸಾಲಾಗಿ ನಿಂತು ನೋಡುತ್ತಾರೆ.

ಹಂಪಿಗೆ ಬಂದ ಚೂರುಗಳು

ಚೀನಾದ ಪಿಂಗಾಣಿ ನಮ್ಮ ನಾಡಿಗೂ ಬಂದಿತ್ತು. 1405ರಿಂದ 1433ರ ನಡುವೆ ಜೆಂಗ್ ಹೆ ಎಂಬ ನಾವಿಕನ ದೊಡ್ಡ ಹಡಗುಪಡೆಗಳು ಮತ್ತೆಮತ್ತೆ ಕಲ್ಲಿಕೋಟೆಗೆ ಬಂದವು. ಅರಬ್ಬರ, ಗುಜರಾತಿಗಳ ಹಡಗುಗಳೂ ಪಿಂಗಾಣಿ ಹೊತ್ತು ತರುತ್ತಿದ್ದವು. ಭಟ್ಕಳದಂಥ ಬಂದರುಗಳಲ್ಲಿ ಇಳಿದ ಸರಕು ಹೇರೆತ್ತುಗಳ ಬೆನ್ನೇರಿ ಘಟ್ಟ ಹತ್ತಿ ವಿಜಯನಗರಕ್ಕೆ ಹೋಗುತ್ತಿತ್ತು. 1443ರಲ್ಲಿ ಪರ್ಷಿಯಾದ ರಾಯಭಾರಿ ಅಬ್ದುಲ್ ರಜಾಕ್ ಮಂಗಳೂರಿನಿಂದ ಘಟ್ಟ ಹತ್ತಿಯೇ ಹಂಪಿಗೆ ಹೋದದ್ದು. ಹಂಪಿಯ ಅರಮನೆಗಳ ಪ್ರದೇಶದಲ್ಲಿ ಅಗೆದಾಗ ಚೀನೀ ಪಿಂಗಾಣಿಯ ಚೂರುಗಳು ಸಿಕ್ಕಿವೆ. ಅಲ್ಲಿ ಬಟ್ಟೆ ಮಣ್ಣಾಗಿದೆ, ಮರ ಗೆದ್ದಲಿನ ಪಾಲಾಗಿದೆ. ಪಿಂಗಾಣಿಯ ಚೂರು ಮಾತ್ರ ನಿನ್ನೆ ಒಡೆದಂತೆ ಹೊಳೆಯುತ್ತದೆ. ಗಾಜಾದ ಮಣ್ಣಿನೊಳಗೆ ನೀರು ಇಳಿಯುವುದಿಲ್ಲವಾದ್ದರಿಂದ ಮಳೆ ಅದನ್ನು ಸುಲಭವಾಗಿ ಕೊಳೆಸಲಾರದು.

ಪಿಂಗಾಣಿಗೆ ಇನ್ನೊಂದು ಗುಣವಿದೆ. ಅದರೊಳಗೆ ವಿದ್ಯುತ್ ಹರಿಯದು. ಮೈಸೂರು ಸರ್ಕಾರ 1930ರ ದಶಕದಲ್ಲಿ ಬೆಂಗಳೂರಿನಲ್ಲಿ ಪಿಂಗಾಣಿ ಕಾರ್ಖಾನೆ ತೆರೆದದ್ದು ವಿದ್ಯುತ್ ಕಂಬಗಳಿಗೆ ಬೇಕಾದ ನಿರೋಧಕಗಳ ಸಲುವಾಗಿ. ನಿಮ್ಮ ಶಾಲೆಯ ಬಳಿಯ ಕಂಬದ ತುದಿಯನ್ನು ಕೆಳಗೆ ನಿಂತೇ ನೋಡಿ. ತಂತಿಗೂ ಕಂಬಕ್ಕೂ ನಡುವೆ ಕಂದು ಅಥವಾ ಬಿಳಿ ಬಣ್ಣದ ಬಿಲ್ಲೆಗಳಿದ್ದರೆ ಅವು ಹೆಚ್ಚಾಗಿ ಪಿಂಗಾಣಿಯವೇ. ಮಳೆ ಸುರಿಯುವಾಗಲೂ ವಿದ್ಯುತ್ತನ್ನು ತಂತಿಯಲ್ಲೇ ತಡೆದು ನಿಲ್ಲಿಸುವುದು ಅವು.

ನಮ್ಮೂರಿನ ಐದು ಉಗುರಿನ ಪ್ರಾಣಿ

ಈಗ ನಿಜವಾದ ಪ್ರಾಣಿಯೊಂದನ್ನು ನೋಡೋಣ. ಮೂಡಿಗೆರೆಯಲ್ಲಿ ನೆಲೆಸಿದ್ದ ಪೂರ್ಣಚಂದ್ರ ತೇಜಸ್ವಿಯವರು 1980ರಲ್ಲಿ ಪ್ರಕಟಿಸಿದ ‘ಕರ್ವಾಲೊ’ ಕಾದಂಬರಿಯಲ್ಲಿ ಎಲ್ಲರೂ ಹುಡುಕಿಕೊಂಡು ಹೋಗುವುದು ಹಾರುವ ಓತಿಯನ್ನು. ಪಶ್ಚಿಮ ಘಟ್ಟದ ಈ ಓತಿಗೆ ವಿಜ್ಞಾನಿಗಳು ಇಟ್ಟ ಹೆಸರು ಡ್ರಾಕೊ ಡುಸುಮಿಯೆರಿ. ಡ್ರಾಕೊ ಎಂದರೆ ಡ್ರ್ಯಾಗನ್ನೇ. ಅಡಿಕೆ ತೋಟಗಳಲ್ಲಿ, ಕಾಡಿನ ಎತ್ತರದ ಮರಗಳಲ್ಲಿ ಇದರ ವಾಸ. ತೊಗಟೆಯ ಬಣ್ಣದ್ದೇ ಮೈ ಇರುವುದರಿಂದ ಕುಳಿತಾಗ ಕಾಣುವುದೇ ಇಲ್ಲ. ಗಂಡು ತನ್ನ ಕತ್ತಿನ ಹಳದಿ ಚರ್ಮವನ್ನು ಬಾವುಟದಂತೆ ಬಿಚ್ಚಿ ಮಡಚಿದಾಗ ಮಾತ್ರ ಗೊತ್ತಾಗುತ್ತದೆ. ಇರುವೆಗಳು ಇದರ ಮುಖ್ಯ ಆಹಾರ. ಹೆಣ್ಣು ನೆಲಕ್ಕಿಳಿಯುವುದು ಮೊಟ್ಟೆ ಇಡಲು.

ಇದರ ರೆಕ್ಕೆ ಎಂದರೆ ಉದ್ದವಾಗಿ ಬೆಳೆದ ಪಕ್ಕೆಲುಬುಗಳ ನಡುವೆ ಹಬ್ಬಿದ ಚರ್ಮ. ಮರದಿಂದ ಜಿಗಿದು ಅದನ್ನು ಬಿಚ್ಚಿ ತೇಲುತ್ತದೆ. ದಕ್ಷಿಣ ಭಾರತದ ಈ ಓತಿಯನ್ನೇ ಗಮನಿಸಿ 2017ರಲ್ಲಿ ಪ್ರಕಟವಾದ ಅಧ್ಯಯನವೊಂದು ಇನ್ನೊಂದು ವಿಷಯ ತಿಳಿಸಿತು. ತೇಲುವಾಗ ಓತಿ ತನ್ನ ಮುಂಗಾಲುಗಳಿಂದ ರೆಕ್ಕೆಯ ಮುಂದಿನ ಅಂಚನ್ನು ಹಿಡಿದುಕೊಂಡು ಹಾರಾಟವನ್ನು ಹಿಡಿತದಲ್ಲಿಡುತ್ತದೆ. ಹಾಗೆ ಹಿಡಿಯುವ ಆ ಪುಟ್ಟ ಪಾದದಲ್ಲಿ ಎಷ್ಟು ಬೆರಳು ಗೊತ್ತೇ? ಐದು. ಐದಕ್ಕೂ ಉಗುರುಂಟು. ಯಾವ ಚಕ್ರವರ್ತಿಯ ಅಪ್ಪಣೆಯೂ ಇಲ್ಲದೆ ನಮ್ಮ ತೋಟದ ಡ್ರ್ಯಾಗನ್ ನಾಲ್ಕೂ ಪಾದಗಳಲ್ಲಿ ಐದೈದು ಉಗುರು ಇಟ್ಟುಕೊಂಡು ಬದುಕುತ್ತಿದೆ. ಕೀಟನಾಶಕ ಹೆಚ್ಚಾದ ತೋಟದಲ್ಲಿ ಇರುವೆ ಸಾಯುತ್ತದೆ, ಇರುವೆ ಸತ್ತರೆ ಓತಿಗೆ ಊಟವಿಲ್ಲ. ಇದನ್ನು ಮನೆಯ ದೊಡ್ಡವರಿಗೆ ನೀವೇ ಹೇಳಬೇಕು.

ನೀವೂ ಒಂದು ಮಾಡಿ

ಚೀನಾದವರು ತಮ್ಮ ನಾಡಿನ ಪ್ರಾಣಿಗಳಿಂದ ಡ್ರ್ಯಾಗನ್ ಕಟ್ಟಿದರು. ಹೊಯ್ಸಳರ ಶಿಲ್ಪಿಗಳು ತಾವು ಬಲ್ಲ ಪ್ರಾಣಿಗಳಿಂದ ಮಕರ ಕಟ್ಟಿದರು. ಬಣಕಲ್ಲಿನ ಮಳೆಗೆ ಒಂದು ಪ್ರಾಣಿ ಕಟ್ಟಿದರೆ ಅದಕ್ಕೆ ಏನೇನು ಬೇಕು? ಗದ್ದೆ ಬದುವಿನ ಏಡಿಯ ಕೊಂಡಿ ಬೇಕೇ? ಮರದಿಂದ ಮರಕ್ಕೆ ಜಿಗಿಯುವ ಹಸಿರು ಕಪ್ಪೆಯ ಜಾಲಪಾದ? ಮಳೆಗಾಲದಲ್ಲಿ ಸಿಳ್ಳೆ ಹಾಕುವ ಸಿಳ್ಳಾರ ಹಕ್ಕಿಯ ಗಂಟಲು? ಕಾಲಿಗೆ ಹತ್ತುವ ಇಂಬಳದ ಬಾಯಿ? ಕಡವೆಯ ಕೊಂಬು?

ಒಂಬತ್ತು ಅಂಗಗಳನ್ನು ಆರಿಸಿ. ಒಂದೇ ಷರತ್ತು, ನೀವು ಕಣ್ಣಾರೆ ಕಂಡದ್ದನ್ನು ಮಾತ್ರ ಸೇರಿಸಬೇಕು. ಕಾಣದಿದ್ದರೆ ಹೋಗಿ ನೋಡಿ, ಕಾಲ್ಬೆರಳು ಎಣಿಸಿ, ಬಾಲದ ಉದ್ದ ಅಂದಾಜು ಮಾಡಿ, ಮುಟ್ಟದೆ, ಹಿಡಿಯದೆ ಬಿಟ್ಟು ಬನ್ನಿ. ಆಮೇಲೆ ಜೇಡಿಮಣ್ಣಿನಲ್ಲಿ ಮಾಡಿ ನೆರಳಲ್ಲಿ ಒಣಗಿಸಿ, ಇಲ್ಲವೇ ಹಾಳೆಯ ಮೇಲೆ ನೀಲಿ ಶಾಯಿಯಲ್ಲಿ ಬರೆಯಿರಿ. ಪ್ರತಿ ಅಂಗದ ಪಕ್ಕ ಅದು ಯಾವ ಪ್ರಾಣಿಯದು, ಎಲ್ಲಿ ಕಂಡಿರಿ, ಯಾವ ದಿನ ಕಂಡಿರಿ, ಅಂದು ಮಳೆ ಇತ್ತೇ ಎಂದು ಬರೆದಿಡಿ. ಶಾಲೆಯಲ್ಲಿ ಎಲ್ಲರ ಪ್ರಾಣಿಗಳನ್ನೂ ಒಂದೆಡೆ ತೂಗುಹಾಕಿ ಹೋಲಿಸಿ. ಯಾವ ಪ್ರಾಣಿಯನ್ನು ಹೆಚ್ಚು ಜನ ಕಂಡಿದ್ದಾರೆ, ಯಾವುದನ್ನು ಯಾರೂ ಕಂಡಿಲ್ಲ ಎಂದು ಪಟ್ಟಿ ಮಾಡಿ. ಯಾರೂ ಕಾಣದ ಪ್ರಾಣಿಯನ್ನು ಹುಡುಕುವ ಕೆಲಸದಿಂದ ಮುಂದಿನ ಮಳೆಗಾಲ ಶುರು ಮಾಡಿ.